ಬೇರಿನ ಪಂಪಿಗೂ ತ್ರೀ ಫೇಸ್ ಕರೆಂಟು ಬೇಕು

ಮುಧೋಳ ತಾಲ್ಲೂಕಿನಲ್ಲಿ ನಮ್ಮ ಸೋದರಮಾವನಿಗೆ ಆರೆಕರೆ ಎರಿ ಹೊಲ, ಅಂದರೆ ಕಪ್ಪು ಮಣ್ಣಿನ ಹೊಲ ಇದೆ. ಘಟಪ್ರಭಾ ಎಡದಂಡೆ ಕಾಲುವೆಯ ನೀರು. ಕಳೆದ ಏಪ್ರಿಲ್‌ನಲ್ಲಿ ಹೋದಾಗ ಕಾಲುವೆ ಕಡೆಯ ಮೂರೆಕರೆಯಲ್ಲಿ ಕಬ್ಬು ಎದೆಮಟ್ಟ ನಿಂತಿತ್ತು. ಹಳ್ಳದ ಕಡೆಗೆ ಇಳಿದಂತೆ ಅದೇ ತಳಿ, ಅದೇ ವಾರ ಹಚ್ಚಿದ ಬೀಜ, ಮೊಣಕಾಲು ದಾಟಿರಲಿಲ್ಲ. ಎಲೆಗಳು ತುದಿಯಿಂದ ಸುಟ್ಟುಕೊಂಡು ಬಂದಿದ್ದವು. ಸಾಲುಗಳ ನಡುವೆ ಬಿಳಿ ಪುಡಿ. ಕಾಲಿಟ್ಟರೆ ಮೇಲಿನ ಮಣ್ಣು ಉಬ್ಬಿದ ಹಪ್ಪಳದ ಹಾಗೆ ಕುಸಿಯುತ್ತಿತ್ತು. ಕಬ್ಬಿನ ಒಂದು ಬುಡ ಕಿತ್ತು ನೋಡಿದೆ. ಬೇರು ಗೇಣುದ್ದವೂ ಇಲ್ಲ. ಬೆಳ್ಳಗಿರಬೇಕಾದ ತುದಿಗಳು ಕಪ್ಪಾಗಿದ್ದವು, ಕೊಳೆತ ಮೊಟ್ಟೆಯ ವಾಸನೆ. ಕಿತ್ತ ಗುಂಡಿಯಲ್ಲಿ ಮಾತಾಡುತ್ತಿರುವಾಗಲೇ ನೀರು ಒಸರಿತು.

ಮಾವ ಬಿಳಿ ಪುಡಿಯನ್ನು ಉಗುರಿನಿಂದ ಕೆರೆದು ನಾಲಿಗೆಗೆ ಹಚ್ಚಿಕೊಂಡ. “ಬರೇ ಸವಳಾಗಿದ್ರ ಕಬ್ಬು ಹೆಂಗರ ತಡಕೋತಿತ್ತು ಅಳಿಯಾ. ಬರೇ ಜವಳಾಗಿದ್ರೂ ತಡಕೋತಿತ್ತು. ಎರಡೂ ಕೂಡಿದ್ರ ಮುಗೀತು ನೋಡು” ಅಂದ.

ಸವಳು ಅಂದರೆ ಉಪ್ಪು ಹಿಡಿದದ್ದು, ಜವಳು ಅಂದರೆ ನೀರು ನಿಂತು ತಂಪು ಹಿಡಿದದ್ದು. ಬೆಳಗಾವಿ, ಬಾಗಲಕೋಟೆ, ವಿಜಯಪುರದ ನೀರಾವರಿ ಹಳ್ಳಿಗಳಲ್ಲಿ ಈ ಎರಡನ್ನೂ ಬಿಡಿಸಿ ಹೇಳುವವರು ಕಡಿಮೆ. ‘ಸವಳು-ಜವಳು’ ಜೋಡಿಪದವಾಗಿಯೇ ಬಾಯಲ್ಲಿ ಕೂತಿದೆ. ಇದು ಬರೀ ಮಾತಿನ ಪ್ರಾಸ ಅಂದುಕೊಂಡಿದ್ದೆ. ಅಲ್ಲ. ಒಂದಕ್ಕೊಂದು ಸೇರಿದರೆ ಯಾಕೆ ಮುಗಿಯಿತು ಅನ್ನುವುದಕ್ಕೆ ಸಸ್ಯ ವಿಜ್ಞಾನ ಕಳೆದ ಮೂವತ್ತು ವರ್ಷಗಳಲ್ಲಿ ಬೇರಿನ ಒಳಗಿನಿಂದಲೇ ಉತ್ತರ ಹುಡುಕಿದೆ. ಆ ಉತ್ತರ ಗೊತ್ತಿದ್ದರೆ ಈಗ ವಾಟ್ಸಾಪ್‌ನಲ್ಲಿ ಓಡಾಡುತ್ತಿರುವ ಇನ್ನೊಂದು ಸುದ್ದಿಯನ್ನೂ ಅಳೆದು ನೋಡಬಹುದು.

ಆ ಸುದ್ದಿ ಇದು. 2025ರ ಮೇ 4ರಂದು ದೆಹಲಿಯಲ್ಲಿ ಕೇಂದ್ರ ಕೃಷಿ ಸಚಿವ ಶಿವರಾಜ್ ಸಿಂಗ್ ಚೌಹಾಣ್ ಅವರು ಜೀನ್ ಎಡಿಟಿಂಗ್‌ನಿಂದ ರೂಪಿಸಿದ ಎರಡು ಭತ್ತದ ತಳಿಗಳನ್ನು ಘೋಷಿಸಿದರು. ಅದರಲ್ಲಿ ಒಂದು ‘ಪೂಸಾ ಡಿಎಸ್‌ಟಿ ರೈಸ್ 1’, ಬರ ಮತ್ತು ಸವಳು ಎರಡನ್ನೂ ತಾಳುತ್ತದೆ ಎಂದು ಹೇಳಲಾದದ್ದು. ಅಂದಿನಿಂದ ನಮ್ಮ ಕಡೆಯ ಹುಡುಗರು ಕೇಳುತ್ತಿರುವ ಪ್ರಶ್ನೆ ಒಂದೇ: ಕಬ್ಬಿಗೆ ಇಂಥದ್ದು ಯಾವಾಗ ಬರುತ್ತೆ? ನನ್ನ ಮಟ್ಟಿಗೆ ಆ ಪ್ರಶ್ನೆಯನ್ನು ಎರಡನೆಯದಾಗಿ ಕೇಳಬೇಕು. ಮೊದಲು ಕೇಳಬೇಕಾದದ್ದು ಬೇರೆ ಇದೆ.

ಉಪ್ಪು ಬಂದ ಸುದ್ದಿ ಬೇರಿಗೆ ಹೇಗೆ ತಲುಪುತ್ತದೆ?

ಮಣ್ಣಿನ ನೀರಿನಲ್ಲಿ ಸೋಡಿಯಂ ಹೆಚ್ಚಾದ ಕೆಲವೇ ಸೆಕೆಂಡುಗಳಲ್ಲಿ ಬೇರಿನ ಜೀವಕೋಶಗಳ ಒಳಗೆ ಕ್ಯಾಲ್ಸಿಯಂ ದಿಢೀರನೆ ಏರುತ್ತದೆ. ಗಿಡಕ್ಕೆ ನರ ಇಲ್ಲ, ಮಿದುಳಿಲ್ಲ. ಸುದ್ದಿ ಸಾಗಿಸುವ ಕೆಲಸವನ್ನು ಈ ಕ್ಯಾಲ್ಸಿಯಂ ಮಾಡುತ್ತದೆ. ಅರಬಿಡಾಪ್ಸಿಸ್ ಎನ್ನುವ ಸಾಸಿವೆ ಜಾತಿಯ ಪುಟ್ಟ ಗಿಡದಲ್ಲಿ ಈ ಅಲೆ ಬೇರಿನುದ್ದಕ್ಕೂ ಸೆಕೆಂಡಿಗೆ ಸುಮಾರು 0.4 ಮಿಲಿಮೀಟರ್ ವೇಗದಲ್ಲಿ ಸಾಗುವುದನ್ನು 2014ರಲ್ಲಿ ಅಳೆದು ತೋರಿಸಿದರು. ಅದೇ ಲೆಕ್ಕದಲ್ಲಿ ಒಂದು ಅಡಿ ದಾಟಲು ಹನ್ನೆರಡು-ಹದಿಮೂರು ನಿಮಿಷ. ನಮ್ಮ ಮಾವನಿಗೆ ತನ್ನ ಹೊಲದಲ್ಲಿ ಉಪ್ಪಿದೆ ಎಂದು ಖಾತ್ರಿಯಾಗಲು ಮೂರು ಬೆಳೆ ಹೋಗಬೇಕಾಯಿತು.

ಸೋಡಿಯಂ ಬಂದಿದೆ ಎಂದು ಮೊಟ್ಟಮೊದಲು ಗುರುತಿಸುವವರು ಯಾರು ಅನ್ನುವುದು ಬಹುಕಾಲ ಬಿಡಿಸದ ಒಗಟಾಗಿತ್ತು. 2019ರಲ್ಲಿ ಒಂದು ಎಳೆ ಸಿಕ್ಕಿತು. ಜೀವಕೋಶದ ಹೊರಪೊರೆಯಲ್ಲಿ ಸಕ್ಕರೆ ಅಂಟಿದ ಒಂದು ಬಗೆಯ ಕೊಬ್ಬು ಇರುತ್ತದೆ, ಸೋಡಿಯಂ ಅದಕ್ಕೆ ಬಂದು ಅಂಟಿದಾಗ ಕ್ಯಾಲ್ಸಿಯಂ ಬಾಗಿಲು ತೆರೆಯುತ್ತದೆ. ಆ ಕೊಬ್ಬನ್ನು ತಯಾರಿಸುವ ಪ್ರೋಟೀನ್ ಕೆಟ್ಟ ಗಿಡಗಳಿಗೆ ಉಪ್ಪು ಬಂದದ್ದೇ ಗೊತ್ತಾಗಲಿಲ್ಲ. ಸುಮ್ಮನೆ ನಿಂತು ಸತ್ತವು.

ಕ್ಯಾಲ್ಸಿಯಂ ಏರಿದ ಮೇಲಿನ ಕತೆ ಇನ್ನೂ ಸ್ಪಷ್ಟ. ಜಿಯಾನ್-ಕಾಂಗ್ ಝು ಎಂಬ ವಿಜ್ಞಾನಿಯ ತಂಡ 1990ರ ದಶಕದಲ್ಲಿ ಅರಬಿಡಾಪ್ಸಿಸ್‌ನ ಸಾವಿರಾರು ಸಸಿಗಳನ್ನು ಸೋಸಿ, ಸ್ವಲ್ಪ ಉಪ್ಪಿಗೂ ಸೊರಗುವ ಕೆಲವನ್ನು ಆರಿಸಿತು. ಅವುಗಳಲ್ಲಿ ಏನು ಕೆಟ್ಟಿದೆ ಎಂದು ಹುಡುಕುತ್ತ ಹೋದಾಗ ಮೂರು ಪ್ರೋಟೀನುಗಳು ಸಿಕ್ಕವು. ಮೂರನ್ನೂ ‘ಎಸ್‌ಓಎಸ್’ ಎಂದು ಕರೆದು 1, 2, 3 ಎಂದು ಸಂಖ್ಯೆ ಕೊಟ್ಟರು. ಪುಸ್ತಕದಲ್ಲಿ ಇದು ಕಗ್ಗಂಟಾಗಿ ಕಾಣುತ್ತದೆ. ಬೋರ್‌ವೆಲ್ ಇದ್ದವನಿಗೆ ಕಷ್ಟವಾಗಬಾರದು.

ಎಸ್‌ಓಎಸ್3 ಕ್ಯಾಲ್ಸಿಯಂ ಹಿಡಿಯುವ ಪ್ರೋಟೀನ್. ಕ್ಯಾಲ್ಸಿಯಂ ಕೂತ ತಕ್ಷಣ ಅದರ ಆಕಾರ ಬದಲಾಗುತ್ತದೆ, ಹೋಗಿ ಎಸ್‌ಓಎಸ್2 ಅನ್ನು ಎಬ್ಬಿಸುತ್ತದೆ. ಎಸ್‌ಓಎಸ್3ರ ತಲೆಯ ತುದಿಗೆ ಅಂಟಿರುವ ಕೊಬ್ಬಿನ ತುಣುಕು ಇಬ್ಬರನ್ನೂ ಜೀವಕೋಶದ ಪೊರೆಗೆ ಕಟ್ಟಿಹಾಕುತ್ತದೆ. ಎಸ್‌ಓಎಸ್2 ಒಂದು ಕೈನೇಸ್, ಅಂದರೆ ಬೇರೆ ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸುವ ಕೆಲಸದ್ದು. ಅದು ನಮ್ಮ ಸ್ಟಾರ್ಟರ್ ಇದ್ದ ಹಾಗೆ. ಪೊರೆಯಲ್ಲಿ ಕೂತಿರುವ ಎಸ್‌ಓಎಸ್1 ನಿಜವಾದ ಪಂಪು. ಎಂದಿನ ದಿನಗಳಲ್ಲಿ ಅದರ ಬಾಲವೇ ಅದರ ಬಾಯಿ ಮುಚ್ಚಿಕೊಂಡಿರುತ್ತದೆ. ಸ್ಟಾರ್ಟರ್ ಬಂದು ಆ ಬಾಲಕ್ಕೆ ಫಾಸ್ಫೇಟ್ ಅಂಟಿಸಿದರೆ ಬಾಯಿ ತೆರೆದು ಸೋಡಿಯಂ ಹೊರಗೆ ಹೋಗತೊಡಗುತ್ತದೆ.

ಸ್ಟಾರ್ಟರ್ ಬೇಕಿಲ್ಲದಾಗ ಎಳೆಯದಂತೆ ಅದರ ಮೇಲೆ ಕೈ ಇಟ್ಟು ಕೂತ ಕಾವಲುಗಾರರೂ ಇದ್ದಾರೆ. ಅವರಲ್ಲಿ ಒಬ್ಬನ ಹೆಸರು ಜೈಜಾಂಟಿಯಾ. ಇದರ ಮೂಲ ಕೆಲಸ ಗಿಡ ಯಾವಾಗ ಹೂ ಬಿಡಬೇಕು ಎಂದು ಲೆಕ್ಕ ಇಡುವುದು. ಉಪ್ಪು ಬಂದಾಗ ಗಿಡ ಈ ಪ್ರೋಟೀನನ್ನೇ ಒಡೆದು ಹಾಕುತ್ತದೆ. ಸ್ಟಾರ್ಟರ್ ಬಿಡುಗಡೆಯಾಗುತ್ತದೆ, ಜೊತೆಗೆ ಹೂ ಬಿಡುವುದು ತಡವಾಗುತ್ತದೆ. ಒಂದೇ ಏಟಿಗೆ ಎರಡು ನಿರ್ಧಾರ. ಮನೆಗೆ ಬೆಂಕಿ ಬಿದ್ದಾಗ ಯಾರೂ ಮದುವೆ ಮುಹೂರ್ತ ಇಡುವುದಿಲ್ಲವಲ್ಲ.

ಇದರ ಜೊತೆಯಲ್ಲೇ ಇನ್ನೂ ಹಲವು ಸಾಲುಗಳು ನಡೆಯುತ್ತವೆ. ಅಬ್ಸಿಸಿಕ್ ಆಮ್ಲ ಎಂಬ ಹಾರ್ಮೋನು ಏರಿ ಎಲೆಯ ಪತ್ರರಂಧ್ರ ಮುಚ್ಚಿಸುತ್ತದೆ. ಎನ್‌ಎಚ್‌ಎಕ್ಸ್ ಎಂಬ ಪ್ರೋಟೀನುಗಳು ಒಳಗೆ ಬಂದುಬಿಟ್ಟ ಸೋಡಿಯಂ ಅನ್ನು ಜೀವಕೋಶದ ನಡುವಿನ ರಸಚೀಲಕ್ಕೆ ತುಂಬಿ ಬೀಗ ಹಾಕುತ್ತವೆ. 2001ರಲ್ಲಿ ಇದೇ ಗುಂಪಿನ ಒಂದು ಜೀನ್ ಹೆಚ್ಚು ಕೆಲಸ ಮಾಡುವಂತೆ ಮಾಡಿದ ಟೊಮೆಟೊ, 200 ಮಿಲಿಮೋಲಾರ್ ಉಪ್ಪುನೀರಿನಲ್ಲೂ ಕಾಯಿ ಬಿಟ್ಟು ಸುದ್ದಿ ಮಾಡಿತು. ಉಪ್ಪು ಎಲೆಯಲ್ಲಿ ಉಳಿದಿತ್ತು, ಹಣ್ಣಿಗೆ ಹೋಗಿರಲಿಲ್ಲ. ಅದಾಗಿ ಇಪ್ಪತ್ತು ವರ್ಷ ದಾಟಿದರೂ ಬಾಗಲಕೋಟೆ ಸಂತೆಗೆ ಆ ಟೊಮೆಟೊ ಬಂದಿಲ್ಲ ಎನ್ನುವುದನ್ನು ಮರೆಯಬಾರದು.

ಒಂದು ಮಾತು ಮಾತ್ರ ಬಿಡುವ ಹಾಗಿಲ್ಲ. ಬೇರಿನ ತುದಿಯ ಎಳೆಯ ಕೋಶಗಳಲ್ಲಿ ದೊಡ್ಡ ರಸಚೀಲ ಇನ್ನೂ ಬೆಳೆದಿರುವುದಿಲ್ಲ. ಅಲ್ಲಿ ಉಪ್ಪನ್ನು ಬಚ್ಚಿಡಲು ಜಾಗವೇ ಇಲ್ಲ, ಹೊರಗೆ ಎಸೆಯುವುದೊಂದೇ ದಾರಿ. ಅದಕ್ಕೇ ಎಸ್‌ಓಎಸ್1 ಪಂಪುಗಳು ಬೇರಿನ ತುದಿಯಲ್ಲಿ ಒತ್ತಾಗಿರುತ್ತವೆ. ಮಾವನ ಹೊಲದ ಕಬ್ಬಿನ ಬೇರಿನಲ್ಲಿ ಮೊದಲು ಕಪ್ಪಾದದ್ದೂ ತುದಿಯೇ.

ಕರೆಂಟು ಎಲ್ಲಿಂದ?

ಪಂಪಿಗೆ ಕರೆಂಟು ಬೇಕು. ಸೋಡಿಯಂ ಹೊರಗೇ ಹೆಚ್ಚಿರುವಾಗ ಒಳಗಿನದನ್ನು ಅಲ್ಲಿಗೆ ತಳ್ಳುವುದೆಂದರೆ ಏರಿಗೆ ನೀರೆತ್ತಿದಂತೆ. ಎಸ್‌ಓಎಸ್1 ತಾನೇ ಶಕ್ತಿ ಸುಡುವುದಿಲ್ಲ. ಪಕ್ಕದಲ್ಲಿರುವ ಇನ್ನೊಂದು ಪ್ರೋಟೀನ್ ಎಟಿಪಿ ಎಂಬ ಜೀವಕೋಶದ ಇಂಧನ ಸುಟ್ಟು ಹೈಡ್ರೋಜನ್ ಅಯಾನುಗಳನ್ನು ಹೊರಗೆ ಒತ್ತುತ್ತಿರುತ್ತದೆ. ಅವು ವಾಪಸ್ ಒಳಗೆ ನುಗ್ಗುವ ರಭಸದಲ್ಲಿ ಸೋಡಿಯಂ ಹೊರಗೆ ಹೋಗುತ್ತದೆ. ಅಂದರೆ ಕಟ್ಟಕಡೆಗೆ ಎಲ್ಲದರ ಲೆಕ್ಕವೂ ಎಟಿಪಿಗೇ ಬಂದು ನಿಲ್ಲುತ್ತದೆ.

ಎಟಿಪಿ ಬರುವುದು ಬೇರಿನ ಉಸಿರಾಟದಿಂದ. ಆಮ್ಲಜನಕ ಇದ್ದರೆ ಒಂದು ಗ್ಲೂಕೋಸ್ ಅಣುವಿನಿಂದ ಸುಮಾರು 30 ಎಟಿಪಿ. ಇಲ್ಲದಿದ್ದರೆ ಕೇವಲ 2. ಆಮ್ಲಜನಕ ನೀರಿನಲ್ಲಿ ಹರಡುವ ವೇಗ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನ. ಎರಿ ಮಣ್ಣಿನ ಸಂದುಗಳು ಮೊದಲೇ ಸಣ್ಣವು, ಅವುಗಳಲ್ಲಿ ನೀರು ನಿಂತರೆ ಒಂದೆರಡು ದಿನದಲ್ಲಿ ಆಮ್ಲಜನಕ ಖಾಲಿ.

ಈಗ ಮಾವನ ಮಾತಿಗೆ ಬನ್ನಿ. ಬರೇ ಸವಳು ಇದ್ದರೆ ಕ್ಯಾಲ್ಸಿಯಂ ಏರುತ್ತದೆ, ಸ್ಟಾರ್ಟರ್ ಎಳೆಯುತ್ತದೆ, ಪಂಪು ಓಡುತ್ತದೆ. ಬೆಳೆ ಸ್ವಲ್ಪ ಸೊರಗುತ್ತದೆ, ಆದರೆ ಬದುಕುತ್ತದೆ. ಬರೇ ಜವಳು ಇದ್ದರೆ ಕರೆಂಟು ಇಲ್ಲ, ಆದರೆ ಎತ್ತಿ ಹಾಕಬೇಕಾದ ಉಪ್ಪೂ ಇಲ್ಲ. ಎರಡೂ ಸೇರಿದಾಗ ಸುದ್ದಿ ತಲುಪಿಯೂ ಸ್ಟಾರ್ಟರ್ ಗುಂಯ್‌ಗುಡುವುದಷ್ಟೇ, ಮೋಟಾರು ತಿರುಗುವುದಿಲ್ಲ. ಸಿಂಗಲ್ ಫೇಸ್ ಇದ್ದಾಗ ಹತ್ತು ಎಚ್‌ಪಿ ಮೋಟಾರು ಚಾಲೂ ಮಾಡಲು ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪೊರೆಯ ಮೇಲಿನ ವಿದ್ಯುತ್ ಒತ್ತಡ ಇಳಿದಂತೆ ಸೋಡಿಯಂ ಒಳಗೆ ನುಗ್ಗುತ್ತದೆ, ಕಷ್ಟಪಟ್ಟು ಕೂಡಿಟ್ಟ ಪೊಟ್ಯಾಶಿಯಂ ಹೊರಗೆ ಸೋರುತ್ತದೆ. ಜೀವಕೋಶದ ಹತ್ತಾರು ಕಿಣ್ವಗಳಿಗೆ ಪೊಟ್ಯಾಶಿಯಂ ಬೇಕೇ ಬೇಕು, ಸೋಡಿಯಂ ಆ ಜಾಗದಲ್ಲಿ ಕೂತರೆ ಕೆಲಸ ನಡೆಯುವುದಿಲ್ಲ. ಎರಡೂ ಕೂಡಿದಾಗ ಎಲೆ ಸೇರುವ ಉಪ್ಪು ಒಂದೊಂದೇ ಇದ್ದಾಗಿನದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಎಂಬುದು ಹಲವು ಬೆಳೆಗಳಲ್ಲಿ ಕಂಡ ಸಂಗತಿ.

ಜೋಡಿಪದ ಮಾಡಿದವರಿಗೆ ಎಟಿಪಿ ಗೊತ್ತಿರಲಿಲ್ಲ. ಹೊಲ ಗೊತ್ತಿತ್ತು.

ಕರಕಿಗೆ ಹೇಗೆ ಸಾಧ್ಯವಾಯಿತು?

ಕಬ್ಬು ಸತ್ತ ಜಾಗದಲ್ಲಿ ಕರಕಿ ಮಾತ್ರ ಹಚ್ಚಗೆ ಹಬ್ಬಿತ್ತು. ಗಣಪತಿಗೆ ಏರಿಸುವ ಅದೇ ಗರಿಕೆ. ಬದುವಿನ ಮೇಲೆ ಬಳ್ಳಾರಿ ಜಾಲಿ. ಬೆಳಗಿನ ಬಿಸಿಲಿನಲ್ಲಿ ಕರಕಿಯ ಎಲೆಯನ್ನು ಓರೆ ಹಿಡಿದು ನೋಡಿದರೆ ಕಂಡೂ ಕಾಣದ ಬಿಳಿ ಚುಕ್ಕೆಗಳು. ಬೆರಳು ಸವರಿದರೆ ತರಿತರಿ. ನೆಕ್ಕಿದೆ, ಉಪ್ಪು. ಕರಕಿಯ ಎಲೆಯಲ್ಲಿ ಎರಡೇ ಕೋಶಗಳಿಂದಾದ ಸಣ್ಣ ಗ್ರಂಥಿಗಳಿವೆ. ಒಳಗೆ ಬಂದ ಉಪ್ಪನ್ನು ಅವು ಎಲೆಯ ಮೇಲಕ್ಕೆ ಬೆವರಿನಂತೆ ತಳ್ಳುತ್ತವೆ. ಕಬ್ಬೂ ಹುಲ್ಲೇ, ಆದರೆ ಅದಕ್ಕೆ ಈ ಗ್ರಂಥಿಗಳಿಲ್ಲ.

ನಿಜವಾದ ಉಪ್ಪುಪ್ರಿಯ ಸಸ್ಯಗಳು ಲೋಕದ ಸಸ್ಯಗಳಲ್ಲಿ ಸುಮಾರು ನೂರಕ್ಕೆ ಒಂದು. ಅವುಗಳಲ್ಲಿ ಬೇರೆಯದೇ ಪ್ರೋಟೀನುಗಳು ಇರುತ್ತವೆ ಎಂದು ಊಹಿಸುವುದು ಸಹಜ. ಆದರೆ ಸಿಕ್ಕದ್ದು ಬೇರೆ. ಅರಬಿಡಾಪ್ಸಿಸ್‌ನ ದಾಯಾದಿಯಾದ ಯೂಟ್ರೀಮಾ ಎಂಬ ಗಿಡ ಸಮುದ್ರದ ಉಪ್ಪಿನ ಮಟ್ಟವನ್ನೂ ತಡೆಯುತ್ತದೆ. ಅದರಲ್ಲಿರುವುದೂ ಅದೇ ಎಸ್‌ಓಎಸ್1. ವ್ಯತ್ಯಾಸ ಇಷ್ಟೇ: ಉಪ್ಪು ಬರುವ ಮೊದಲೇ ಅದರಲ್ಲಿ ಪಂಪುಗಳ ಸಂಖ್ಯೆ ಹೆಚ್ಚಿರುತ್ತದೆ. 2009ರಲ್ಲಿ ಆ ಒಂದು ಜೀನಿನ ಕೆಲಸವನ್ನು ತಗ್ಗಿಸಿದಾಗ, ಸಮುದ್ರ ತಡೆಯುತ್ತಿದ್ದ ಗಿಡ ಅರಬಿಡಾಪ್ಸಿಸ್‌ನ ಹಾಗೇ ಸೊರಗಿತು. ಇನ್ನೊಂದು ಪ್ರೋಟೀನಿನಲ್ಲಿ ಒಂದೆರಡು ಅಮಿನೋ ಆಮ್ಲ ಬೇರೆಯಾಗಿದ್ದು, ಅದರಿಂದ ಅದು ಸೋಡಿಯಂ ಬಿಟ್ಟು ಪೊಟ್ಯಾಶಿಯಂ ಆರಿಸಿಕೊಳ್ಳುತ್ತದೆ. ಸಾಮಾನು ಒಂದೇ, ಮೊದಲೇ ಜೋಡಿಸಿಟ್ಟುಕೊಂಡಿದೆ ಅಷ್ಟೆ. ಮಳೆಗಾಲಕ್ಕೆ ಮೊದಲೇ ಮಾಳಿಗೆ ಮೇಲುಮುದ್ದಿ ಹಾಕಿಸುವವರೂ, ಸೋರಿದ ಮೇಲೆ ಬಕೆಟ್ ಇಡುವವರೂ ಒಂದೇ ಓಣಿಯಲ್ಲಿ ಇರುತ್ತಾರಲ್ಲ, ಹಾಗೆ.

ಬೆಳೆಗಳಲ್ಲಿ ಈವರೆಗೆ ನನಗೆ ಅತ್ಯಂತ ನಂಬಿಕೆ ಹುಟ್ಟಿಸಿದ ಕೆಲಸ ಗೋಧಿಯದು. ಚಪಾತಿಯ ಗೋಧಿಯಲ್ಲಿ ಎ, ಬಿ, ಡಿ ಎಂದು ಮೂರು ಜೀನೋಮುಗಳಿವೆ, ಅಂದರೆ ಜೀನುಗಳ ಮೂರು ಕಂತೆಗಳು. ಡಿ ಜೀನೋಮಿನಲ್ಲಿ ಎಚ್‌ಕೆಟಿ ಎಂಬ ಪ್ರೋಟೀನಿನ ಒಂದು ಜೀನ್ ಇದೆ. ಇದು ಬೇರಿನಲ್ಲಿ ನೀರೇರುವ ನಾಳದ ಸುತ್ತ ಕೂತು, ಮೇಲೆ ಹೋಗುತ್ತಿರುವ ರಸದಿಂದ ಸೋಡಿಯಂ ಅನ್ನು ಹೆಕ್ಕಿ ಬೇರಿಗೇ ಹಿಂದಿರುಗಿಸುತ್ತದೆ. ಎಲೆಗೆ ಉಪ್ಪು ತಲುಪುವುದಿಲ್ಲ. ರವೆ, ಶಾವಿಗೆಗೆ ಬಳಸುವ ಡ್ಯೂರಂ ಗೋಧಿಯಲ್ಲಿ ಡಿ ಜೀನೋಮೇ ಇಲ್ಲ. ನಾವು ಹುಗ್ಗಿಗೆ ಹಾಕುವ ಜವೆಗೋಧಿಯೂ ಅದೇ ಗೋತ್ರದ್ದು, ಎ ಮತ್ತು ಬಿ ಮಾತ್ರ. ಹಾಗಾಗಿ ಡ್ಯೂರಂ ಎಲೆಗೆ ಸೋಡಿಯಂ ಸುಲಭವಾಗಿ ಏರುತ್ತದೆ. ಆಸ್ಟ್ರೇಲಿಯಾದ ವಿಜ್ಞಾನಿಗಳು ಒಂದು ಪುರಾತನ ಒಂಟಿಕಾಳು ಗೋಧಿಯಿಂದ ಇದೇ ಬಗೆಯ ಜೀನನ್ನು ಡ್ಯೂರಂಗೆ ತಂದರು. ಕುಲಾಂತರಿ ಮಾಡಲಿಲ್ಲ, ಪೀಳಿಗೆ ಪೀಳಿಗೆ ಸಂಕರಣದಿಂದಲೇ. 2012ರಲ್ಲಿ ಪ್ರಕಟವಾದ ಫಲಿತಾಂಶದಂತೆ ಸವಳು ಹೊಲದಲ್ಲಿ ಇಳುವರಿ 25 ಪ್ರತಿಶತ ಏರಿತು, ಒಳ್ಳೆ ಮಣ್ಣಿನಲ್ಲಿ ಇಳುವರಿಗೆ ಪೆಟ್ಟು ಬೀಳಲಿಲ್ಲ. ಕುಂಡದಲ್ಲಲ್ಲ, ರೈತರು ಬೆಳೆಯುವಂಥ ಬಯಲಿನಲ್ಲಿ. ಈ ಕ್ಷೇತ್ರದಲ್ಲಿ ಹಾಗೆ ಹೇಳಿಕೊಳ್ಳಬಲ್ಲವರು ಬೆರಳೆಣಿಕೆ. ವಿಜಯಪುರದ ಬಯಲಿನಲ್ಲಿ ಬಿಜಗ ಯೆಲ್ಲೋದಂಥ ಡ್ಯೂರಂ ಬೆಳೆದ ನಾಡಿಗೆ ಇದು ಭತ್ತದ ಸುದ್ದಿಗಿಂತ ಹತ್ತಿರದ ಸಂಬಂಧಿ, ಯಾಕೋ ಅದು ಫಾರ್ವರ್ಡ್ ಆಗುವುದಿಲ್ಲ.

ಈಗ ಪೂಸಾ ಡಿಎಸ್‌ಟಿ ರೈಸ್ 1. ಆಂಧ್ರದ ಮಾರುಟೇರುವಿನಿಂದ ಬಂದ ಎಂಟಿಯು 1010 ಎಂಬ ಜನಪ್ರಿಯ ತಳಿಯಲ್ಲಿ ಡಿಎಸ್‌ಟಿ ಎಂಬ ಜೀನನ್ನು ಕತ್ತರಿಸಿ ಮಾಡಿದ್ದು. ಈ ಜೀನ್ ಕೊಡುವ ಪ್ರೋಟೀನ್ ಬ್ರೇಕಿನ ಕೆಲಸದ್ದು, ಪತ್ರರಂಧ್ರ ಮುಚ್ಚದಂತೆ ತಡೆಯುತ್ತದೆ. ಬ್ರೇಕು ತೆಗೆದರೆ ಪತ್ರರಂಧ್ರಗಳು ಕಡಿಮೆಯಾಗುತ್ತವೆ, ಇರುವವೂ ಬೇಗ ಮುಚ್ಚಿಕೊಳ್ಳುತ್ತವೆ. ನೀರು ಕಡಿಮೆ ಹೀರಿದ ಗಿಡ ಉಪ್ಪನ್ನೂ ಕಡಿಮೆ ಹೀರುತ್ತದೆ. ಚೀನಾದಲ್ಲಿ 2009ರಲ್ಲೇ ಈ ಜೀನಿನ ಗುಣ ಕಂಡುಕೊಂಡಿದ್ದರು. ಹೊರಗಿನ ಡಿಎನ್‌ಎ ಉಳಿಯದ ಇಂಥ ತಳಿಗಳನ್ನು ನಮ್ಮ ಸರ್ಕಾರ 2022ರಲ್ಲಿ ಕುಲಾಂತರಿ ಬೆಳೆಗಳ ಬಿಗಿ ನಿಯಮದಿಂದ ಹೊರಗಿಟ್ಟಿತು, ಅದಕ್ಕೇ ಇದು ಇಷ್ಟು ಬೇಗ ಬಂತು. ಪರೀಕ್ಷೆಯ ಅಂಕಿಗಳ ಬಗ್ಗೆ ಆಮೇಲೆ ಕುಲಾಂತರಿ ವಿರೋಧಿ ಸಂಘಟನೆಗಳು ತಕರಾರು ತೆಗೆದವು. ಆ ಜಗಳ ಏನೇ ಆಗಲಿ, ನಮ್ಮ ಭಾಗಕ್ಕೆ ಮುಖ್ಯವಾದ ಸಂಗತಿ ಬೇರೆ.

ಭತ್ತ ನೀರಿನಲ್ಲಿ ನಿಲ್ಲಲು ಹುಟ್ಟಿದ ಗಿಡ. ಅದರ ಕಾಂಡದಿಂದ ಬೇರಿನ ತುದಿಯವರೆಗೆ ಗಾಳಿಯ ಕೊಳವೆಗಳಿವೆ. ಎಲೆಯಿಂದ ಆಮ್ಲಜನಕ ಅದರಲ್ಲೇ ಇಳಿಯುತ್ತದೆ. ಅಂದರೆ ಭತ್ತಕ್ಕೆ ಸ್ವಂತ ಜನರೇಟರ್ ಇದೆ. ಕುಮಟಾ ಕಡೆಯ ಅಘನಾಶಿನಿ ಗಜನಿಗಳಲ್ಲಿ, ಅಂದರೆ ಉಪ್ಪುನೀರು ನುಗ್ಗುವ ಗದ್ದೆಗಳಲ್ಲಿ, ಕಗ್ಗ ಭತ್ತ ಉಪ್ಪುನೀರಿನಲ್ಲೂ ಜವಳಿನಲ್ಲೂ ಒಟ್ಟಿಗೇ ನಿಲ್ಲುವುದು ಇದೇ ಬಲದ ಮೇಲೆ. ಕಬ್ಬಿನಲ್ಲೂ ಇಂಥ ಕೊಳವೆ ಅಷ್ಟಿಷ್ಟು ಮೂಡುತ್ತದೆ, ತಳಿಯಿಂದ ತಳಿಗೆ ಹೆಚ್ಚು ಕಡಿಮೆ, ಆದರೆ ಭತ್ತದ ಮಟ್ಟಕ್ಕೆ ಅಲ್ಲ. ಜೋಳ, ಗೋವಿನಜೋಳದಲ್ಲೂ ನೀರು ನಿಂತಾಗ ಒಂದಿಷ್ಟು ಮೂಡುತ್ತದೆ, ಅದೂ ಭತ್ತದ ಮಟ್ಟಕ್ಕೆ ಅಲ್ಲ. ಭತ್ತದಲ್ಲಿ ಗೆದ್ದ ಜೀನನ್ನು ನೀರು ನಿಂತ ಎರಿ ಹೊಲದ ಕಬ್ಬಿಗೆ ತಂದು ಹಾಕಿದರೆ, ಕರೆಂಟಿಲ್ಲದ ಊರಿಗೆ ದುಬಾರಿ ಮೋಟಾರು ತಂದಂತಾದೀತು.

ಕಬ್ಬಿನದು ಇನ್ನೊಂದು ತೊಡಕು. ಅದರ ಜೀವಕೋಶದಲ್ಲಿ ನೂರಕ್ಕೂ ಹೆಚ್ಚು ವರ್ಣತಂತುಗಳು, ಒಂದೊಂದು ಜೀನಿಗೂ ಎಂಟು ಹತ್ತು ಪ್ರತಿ. ಒಂದು ಬ್ರೇಕು ತೆಗೆಯಬೇಕೆಂದರೆ ಎಲ್ಲ ಪ್ರತಿಗಳನ್ನೂ ಕತ್ತರಿಸಬೇಕು. ಆರ್570 ಎಂಬ ತಳಿಯ ಪೂರ್ಣ ಜೀನೋಮ್ ಪ್ರಕಟವಾದದ್ದೇ 2024ರಲ್ಲಿ. ಅಲ್ಲಿಯವರೆಗೆ ಸವಳಿಗೆ ನಮ್ಮ ರೈತರು ಆರಿಸಿಕೊಂಡಿರುವುದು ಮಹಾರಾಷ್ಟ್ರದಿಂದ ಬಂದ 265 ಎಂಬ ತಳಿ. ಸವಳು ಹೊಲದಲ್ಲಿ 86032 ಎಂಬ ಇನ್ನೊಂದು ತಳಿ ಕೈಕೊಟ್ಟಲ್ಲಿ ಇದು ನಿಲ್ಲುತ್ತದೆ ಎಂದು ಹಚ್ಚುತ್ತಾರೆ. ಮಾವನ ಸತ್ತ ತುಂಡಿನಲ್ಲಿದ್ದದ್ದೂ 265ವೇ.

ನಷ್ಟ ಶುರುವಾಗುವುದು ಎಲ್ಲಿಂದ?

ಮಣ್ಣಿನ ಉಪ್ಪನ್ನು ಇಸಿ, ಅಂದರೆ ವಿದ್ಯುತ್ ವಾಹಕತೆ ಎಂಬ ಅಳತೆಯಿಂದ ಹೇಳುತ್ತಾರೆ, ಮೀಟರಿಗೆ ಇಷ್ಟು ಡೆಸಿಸೀಮೆನ್ಸ್ ಎಂದು. ಮಣ್ಣಿಗೆ ನೀರು ಕಲಸಿ ಮುದ್ದೆ ಮಾಡಿ ಹಿಂಡಿದ ರಸದಲ್ಲಿ 4 ದಾಟಿದರೆ ಅಧಿಕೃತವಾಗಿ ಸವಳು ಭೂಮಿ. ಬೆಳೆಗಳು ಈ ಗೆರೆಗಾಗಿ ಕಾಯುವುದಿಲ್ಲ. 1977ರಲ್ಲಿ ಮಾಸ್ ಮತ್ತು ಹಾಫ್‌ಮನ್ ಕೊಟ್ಟ, ಇಂದಿಗೂ ಬಳಕೆಯಲ್ಲಿರುವ ಲೆಕ್ಕದ ಪ್ರಕಾರ ಕಬ್ಬಿಗೆ 1.7ರವರೆಗೆ ತೊಂದರೆ ಇಲ್ಲ. ಆಮೇಲೆ ಪ್ರತಿ ಒಂದು ಅಂಕಕ್ಕೆ ಇಳುವರಿ 5.9 ಪ್ರತಿಶತ ಇಳಿಯುತ್ತದೆ. ಅಂದರೆ ಭೂಮಿಗೆ ‘ಸವಳು’ ಎಂಬ ಹೆಸರು ಬರುವ ಹೊತ್ತಿಗೆ ಕಬ್ಬು ಆಗಲೇ ಸುಮಾರು 13.5 ಪ್ರತಿಶತ ಕಳೆದುಕೊಂಡಿರುತ್ತದೆ. ಎಲೆ ಸುಟ್ಟಿರುವುದಿಲ್ಲ, ಬಿಳಿ ಪುಡಿಯೂ ಕಂಡಿರುವುದಿಲ್ಲ. ಸಕ್ಕರೆಯಾಗಬೇಕಿದ್ದ ಶಕ್ತಿಯ ಒಂದು ಪಾಲು ಬೇರಿನ ಪಂಪುಗಳ ಕರೆಂಟು ಬಿಲ್ಲಿಗೆ ಹೋಗಿರುತ್ತದೆ, ಮುಚ್ಚಿದ ಪತ್ರರಂಧ್ರಗಳಿಂದ ಇನ್ನೊಂದು ಪಾಲು ಹುಟ್ಟಿಯೇ ಇರುವುದಿಲ್ಲ.

ಎಕರೆಗೆ 40 ಟನ್ ಬರುವ ಹೊಲದಲ್ಲಿ ಇದು ಐದು ಟನ್ನಿಗೂ ಮೇಲೆ. 2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬಿನ ರೈತರು ದಿನಗಟ್ಟಲೆ ಕೂತದ್ದು ಟನ್ನಿಗೆ 3500 ರೂಪಾಯಿ ಬೇಕೆಂದು, ಕೊನೆಗೆ ತೀರ್ಮಾನವಾದದ್ದು 3300ಕ್ಕೆ. ಆ 200 ರೂಪಾಯಿಯ ಅಂತರ 40 ಟನ್ನಿಗೆ 8000 ರೂಪಾಯಿ. ಸದ್ದಿಲ್ಲದೆ ಹೋದ ಐದು ಟನ್ನಿನ ಬೆಲೆ 3300ರ ದರದಲ್ಲೇ 16,500. ಹೋರಾಟ ಬೇಡವಿತ್ತೆಂದು ನಾನು ಹೇಳುತ್ತಿಲ್ಲ, ನಮ್ಮ ಮನೆಯವರೂ ಅಲ್ಲಿದ್ದರು. ಎರಡನೆಯ ನಷ್ಟಕ್ಕೆ ಯಾರೂ ಯಾವ ಕ್ರಾಸಿನಲ್ಲೂ ಕೂತಿಲ್ಲ ಎಂದಷ್ಟೇ.

ಅದೇ ಪಟ್ಟಿಯಲ್ಲಿ ಉಳ್ಳಾಗಡ್ಡಿ 1.2ಕ್ಕೇ ಸೋಲುತ್ತದೆ, ಅಂಕಕ್ಕೆ 16 ಪ್ರತಿಶತದಂತೆ ಕಳೆದುಕೊಂಡು 4ಕ್ಕೆ ಬರುವಷ್ಟರಲ್ಲಿ ಹತ್ತಿರಹತ್ತಿರ ಅರ್ಧ ಬೆಳೆ ಇಲ್ಲ. ಗೋವಿನಜೋಳ ಕಾಲುಭಾಗಕ್ಕೂ ಹೆಚ್ಚು. ಆಮೇಲೆ ತಿದ್ದಿದ ಪಟ್ಟಿಯಂತೆ ಜೋಳಕ್ಕೆ 6.8ರವರೆಗೆ, ಹತ್ತಿಗೆ 7.7ರವರೆಗೆ ಏನೂ ಆಗುವುದಿಲ್ಲ. ಕಾಲುವೆ ಬರುವ ಮೊದಲು ಈ ಜಿಲ್ಲೆಗಳ ಎರಿಯಲ್ಲಿ ಬೆಳೆಯುತ್ತಿದ್ದದ್ದು ಜೋಳ ಮತ್ತು ಹತ್ತಿ. ಉಪ್ಪು ತಡೆಯುವ ಬೆಳೆಗಳಿದ್ದಾಗ ಮೇಲೆ ಉಪ್ಪಿರಲಿಲ್ಲ. ಉಪ್ಪನ್ನು ಮೇಲೆ ತಂದ ನೀರೇ ಉಪ್ಪು ತಡೆಯದ ಬೆಳೆಗಳನ್ನೂ ತಂದಿತು.

ಮಣ್ಣು ಪರೀಕ್ಷೆಯ ಚೀಟಿ ಓದುವಾಗ ಒಂದು ಎಚ್ಚರ. ನಮ್ಮ ಲ್ಯಾಬುಗಳು ಸಾಮಾನ್ಯವಾಗಿ ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಹಾಕಿ ಅಳೆಯುತ್ತವೆ. ತೆಳುವಾದ ನೀರು, ಹಾಗಾಗಿ ಅಂಕಿ ಚಿಕ್ಕದು. ಮೇಲೆ ಹೇಳಿದ 1.7, 4 ಎಲ್ಲ ಮುದ್ದೆಯ ರಸದ ಅಂಕಿಗಳು. ಮಾವನ ಚೀಟಿಯಲ್ಲಿ 1.3 ಎಂದಿತ್ತು. ಗೊಬ್ಬರದ ಅಂಗಡಿಯವರು “ನಾಲ್ಕರ ಒಳಗ ಐತಿ, ಚಿಂತಿ ಬ್ಯಾಡ” ಎಂದು ಕಳಿಸಿದ್ದರು. ಮುದ್ದೆಯ ಲೆಕ್ಕಕ್ಕೆ ತಂದರೆ ಅದು ಎರಡು ಮೂರು ಪಟ್ಟು ಆಗುವ ಅಂಕಿ, ಕಬ್ಬಿನ 1.7ರ ಗೆರೆ ದಾಟಿದ್ದು. ಅವರೇ ಆ ವರ್ಷ ಜಿಪ್ಸಂ ಕೂಡ ಮಾರಿದ್ದರು. ಜಿಪ್ಸಂ ಒಳ್ಳೆಯ ಸಾಮಾನೇ, ಅದರ ಕ್ಯಾಲ್ಸಿಯಂ ಮಣ್ಣಿನ ಕಣಕ್ಕೆ ಅಂಟಿದ ಸೋಡಿಯಂ ಅನ್ನು ಬಿಡಿಸುತ್ತದೆ, ಬೇರಿನೊಳಗೆ ಸೋಡಿಯಂ ನುಗ್ಗುವುದನ್ನೂ ಸ್ವಲ್ಪ ತಡೆಯುತ್ತದೆ. ಆದರೆ ಬಿಡಿಸಿದ ಸೋಡಿಯಂ ನೀರಿನೊಂದಿಗೆ ಕೆಳಗೆ ಇಳಿದು ಹೊಲ ಬಿಟ್ಟು ಹೋಗಬೇಕು. ಮೊಳದ ಆಳದಲ್ಲಿ ನೀರು ನಿಂತಿದ್ದರೆ ಎಲ್ಲಿಗೆ ಹೋಗಬೇಕು?

ಬೇರಿನ ಪಂಪಿನ ಗತಿಯೂ ಇದೇ. ಎಸ್‌ಓಎಸ್1 ಕಷ್ಟಪಟ್ಟು ಹೊರಗೆಸೆದ ಸೋಡಿಯಂ ಹೊಲದ ಆಚೆ ಹೋಗುವುದಿಲ್ಲ, ಕೂದಲೆಳೆ ದೂರದಲ್ಲೇ ಇರುತ್ತದೆ. ನೀರು ಬಸಿದರೆ ಕೊಚ್ಚಿ ಹೋಗುತ್ತದೆ. ಇಲ್ಲದಿದ್ದರೆ ಅದನ್ನೇ ಮತ್ತೆ ಒಳಗೆ ಬಿಟ್ಟುಕೊಂಡು ಮತ್ತೆ ಹೊರಗೆಸೆಯಬೇಕು. ಹೀಗಾಗಿ ಮೊದಲ ಪ್ರಶ್ನೆ ತಳಿಯದಲ್ಲ, ಬಸಿಗಾಲುವೆಯದು. ಬಸಿಯುವ ಹೊಲದಲ್ಲಿ ಉಪ್ಪು ತಡೆಯುವ ತಳಿ ನಿಜಕ್ಕೂ ಕೆಲಸ ಮಾಡುತ್ತದೆ, ಅಲ್ಲಿ ಒಂದೊಂದು ಪ್ರೋಟೀನಿನ ಸುಧಾರಣೆಗೂ ಬೆಲೆ ಇದೆ. ಬಸಿಯದ ಹೊಲದಲ್ಲಿ ಅದು ಒಂದೆರಡು ಬೆಳೆಯ ಗಡುವು ಕೊಟ್ಟೀತು.

ಮೂರು-ನಾಲ್ಕು ಅಡಿ ಆಳದಲ್ಲಿ ತೂತಿನ ಪೈಪು ಹೂತು, ಸುತ್ತ ಸೋಸುಬಟ್ಟೆ ಸುತ್ತಿ, ಇಳಿಜಾರಿಗೆ ಒಯ್ಯುವುದು ಈಗ ಗೊತ್ತಿರುವ ಕೆಲಸವೇ. ತೊಡಕು ಪೈಪಿನದಲ್ಲ, ಅದರ ಬಾಯಿಯದು. ಒಬ್ಬನ ಹೊಲದ ಉಪ್ಪುನೀರು ಹಳ್ಳ ಸೇರಬೇಕಾದರೆ ಇನ್ನೊಬ್ಬನ ಹೊಲ ದಾಟಬೇಕು. ನೀರು ತರುವ ಕಾಲುವೆಗೆ ಸರ್ಕಾರ ಭೂಮಿ ಸ್ವಾಧೀನ ಮಾಡಿಕೊಂಡು ಕೊನೆಯವರೆಗೂ ತಂದಿತು. ನೀರು ಹೊರಗೆ ಒಯ್ಯುವ ದಾರಿಯನ್ನು ಅಷ್ಟೇ ಶ್ರದ್ಧೆಯಿಂದ ಯಾರೂ ಕೊನೆ ಮುಟ್ಟಿಸಲಿಲ್ಲ.

ಮಾವನ ಹೊಲಕ್ಕೂ ಹಳ್ಳಕ್ಕೂ ನಡುವೆ ಇಬ್ಬರ ಹೊಲಗಳಿವೆ. ಒಬ್ಬರು ಒಪ್ಪಿದ್ದಾರೆ, ತಮ್ಮ ಹೊಲದ ನೀರನ್ನೂ ಅದೇ ಪೈಪಿಗೆ ಬಿಡುವ ಕರಾರಿನ ಮೇಲೆ. ಇನ್ನೊಬ್ಬರ ಜೊತೆ ಬದುವಿನ ವಿಷಯಕ್ಕೆ ಜಗಳವಾಗಿ ಮಾತು ಬಿಟ್ಟು ನಾಲ್ಕು ವರ್ಷ. ಅತ್ತಿ ಮಾತ್ರ “ಕಾರಹುಣ್ಣಿವಿಗೆ ಹೋಳಿಗಿ ಕಟ್ಟಿ ಕಳಿಸ್ತೀನಿ, ಮಾತು ಹತ್ತಿದ್ರ ಹತ್ತಲಿ” ಅಂದಳು. ಮಾವ ಏನೂ ಅನ್ನಲಿಲ್ಲ. ಸಂಜೆ ಹಗ್ಗ ಹಿಡಿದು ಬದುವಿನಿಂದ ಹಳ್ಳದವರೆಗೆ ಎಷ್ಟು ಪೈಪು ಬೇಕಾದೀತೆಂದು ಅಳೆಯುತ್ತಿದ್ದ.